ರೈಟ್ ಮೆಮೊರಿ ಕೊಟ್ಟಿದ್ರೂ ಸ್ವಿಚ್ ಖಾಲಿಯಾಗಿ ಎದ್ದಿತ್ತು: ಒಂದು ಪ್ರಕರಣ ಅಧ್ಯಯನ

ಒಂದು ಶನಿವಾರ ರಾತ್ರಿ ಯುಪಿಎಸ್ ಬ್ಯಾಟರಿ ಬದಲಾಯಿಸೋಕೆ ಅಂತ, ಲ್ಯಾಪ್‌ಟಾಪ್ ಫೋನ್ ಎಲ್ಲಾ ನೆಟ್‌ವರ್ಕಿಗೆ ಸೇರಿಸೋ ಸಿಸ್ಕೋ ಸ್ವಿಚ್ ಇರೋ ಮೂರನೇ ಮಹಡಿ ರ‍್ಯಾಕ್‌ನ ಪವರ್ ಪೂರ್ತಿ ಆಫ್ ಮಾಡಿದ್ರು, ಅರ್ಧ ಗಂಟೆ ಕೆಲಸ, ಮುಗಿದ್ಮೇಲೆ ಆನ್ ಮಾಡಿದ್ರು, ಫ್ಯಾನ್ ತಿರುಗ್ತು ಲೈಟ್ ಬಂತು ಅಂತ ನೋಡಿ ಬೀಗ ಹಾಕ್ಕೊಂಡು ಹೋದ್ರು. ಸೋಮವಾರ ಬೆಳಿಗ್ಗೆ ಆ ಮಹಡಿಯಲ್ಲಿ ಯಾರಿಗೂ ನೆಟ್‌ವರ್ಕ್ ಇಲ್ಲ. ಲ್ಯಾಪ್‌ಟಾಪ್‌ಗಳಿಗೆಲ್ಲಾ 169.254 ಇಂದ ಶುರುವಾಗೋ ಐಪಿ ಬಂದಿದೆ ಅಂದ್ರೆ ಐಪಿ ಹಂಚೋ ಡಿಎಚ್‌ಸಿಪಿ ಸಿಕ್ಕಿಲ್ಲ ಅಂತ ಅರ್ಥ, ವೈಫೈ ಹೆಸರೇ ಕಾಣ್ತಿಲ್ಲ, ಡೆಸ್ಕ್ ಫೋನ್‌ಗಳಲ್ಲಿ ಸ್ಕ್ರೀನ್ ಬೆಳಗ್ತಿದೆ ಆದ್ರೆ ರಿಜಿಸ್ಟರ್ ಆಗ್ತಿಲ್ಲ.

ಈ ಫೋನಿನ ಸ್ಕ್ರೀನ್ ವಿಷಯ ನಮ್ಮನ್ನ ಸ್ವಲ್ಪ ಹೊತ್ತು ದಾರಿ ತಪ್ಪಿಸ್ತು. ಫೋನಿಗೆ ಕರೆಂಟ್ ಬರೋದು ಸ್ವಿಚ್‌ನಿಂದಾನೇ, ಪಿಓಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಬರೋ ಕರೆಂಟ್) ಬರ್ತಿದೆ ಅಂದ್ರೆ ಸ್ವಿಚ್ ಚೆನ್ನಾಗಿದೆ, ತೊಂದರೆ ಮೇಲೆ, ಮಹಡಿ ಸ್ವಿಚ್‌ಗಳೆಲ್ಲಾ ಸೇರೋ ಮುಖ್ಯ ಸ್ವಿಚ್ ಅಂದ್ರೆ ಕೋರ್‌ನಲ್ಲೋ ಡಿಎಚ್‌ಸಿಪಿ ಸರ್ವರ್‌ನಲ್ಲೋ ಇರ್ಬೇಕು ಅಂದ್ಕೊಂಡ್ವಿ. ಆದ್ರೆ ಪಿಓಇ ಡೀಫಾಲ್ಟ್ ಆಗಿ ಆಟೋದಲ್ಲಿ ಇರುತ್ತೆ, ಒಂದೇ ಒಂದು ಲೈನ್ ಕಾನ್ಫಿಗ್ (ನಾವು ಕೊಡೋ ಸೆಟ್ಟಿಂಗ್) ಇಲ್ಲದ ಸ್ವಿಚ್ ಕೂಡ ಫೋನಿಗೆ ಪವರ್ ಕೊಡುತ್ತೆ. ಪೋರ್ಟ್ ಲೈಟ್ ಹಸಿರು ಬಂದ್ರೂ ಅಷ್ಟೇ, ಕೇಬಲ್ ಆ ಕಡೆ ಏನೋ ಇದೆ ಅಂತ ಮಾತ್ರ ಅದು ಹೇಳೋದು, ಆ ಪೋರ್ಟ್ ಯಾವ ವಿಲ್ಯಾನ್‌ನಲ್ಲಿ, ಅಂದ್ರೆ ಸ್ವಿಚ್ ಒಳಗೆ ಬೇರೆ ಮಾಡಿಟ್ಟ ಯಾವ ನೆಟ್‌ವರ್ಕ್‌ನಲ್ಲಿ ಇದೆ ಅಂತ ಲೈಟ್ ಹೇಳಲ್ಲ.

ಸ್ವಿಚ್‌ಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಹೋಗ್ತಿಲ್ಲ, ಪಿಂಗ್ ಕೂಡ ಇಲ್ಲ. ಸರಿ ಅಂತ ಕೋರ್ ಸ್ವಿಚ್‌ನ ಲಾಗ್ ತೆಗೆದು ನೋಡಿದೆ, ಅಲ್ಲಿ ನಿಮಿಷಕ್ಕೊಂದ್ಸಲ ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದ ಟ್ರಾಫಿಕ್ ಸೇರೋ ವಿಲ್ಯಾನ್) ಮಿಸ್‌ಮ್ಯಾಚ್ ಅಂತ, ಪಕ್ಕದ ಡಿವೈಸ್ ಯಾವುದು ಅಂತ ತಿಳಿಸೋ ಸಿಡಿಪಿಯ ಮೆಸೇಜ್ ಬೀಳ್ತಿದೆ, ನಮ್ಮ ಕಡೆ 999, ಆ ಕಡೆ 1. ಅದಕ್ಕಿಂತ ಮುಖ್ಯವಾದದ್ದು ಪಕ್ಕದ ಡಿವೈಸ್ ಹೆಸರು, ನಾವು ಇಟ್ಟಿದ್ದ ಹೋಸ್ಟ್‌ನೇಮ್ ಬದಲು ಬರೀ 'ಸ್ವಿಚ್' ಅಂತಿತ್ತು. ಅದು ಫ್ಯಾಕ್ಟರಿಯಿಂದ ಬರೋ ಹೆಸರು. ಅದನ್ನ ನೋಡಿದ ತಕ್ಷಣ ಎದೆ ಧಸಕ್ ಅಂತು, ಕಾನ್ಫಿಗ್ ಪೂರ್ತಿ ಹೋಗಿದೆ ಅಂತ ಗೊತ್ತಾಯ್ತು.

ನಾನು ಮೊದಲು ಮಾಡಿದ್ದು ಒಂದು ತಪ್ಪು ಕೆಲಸ. ಆ ಸ್ವಿಚ್‌ನ ಎರಡೂವರೆ ತಿಂಗಳ ಹಿಂದೆ ಸೆಟಪ್ ಮಾಡಿದ್ದು ನಮ್ಮ ಟೀಮಿನ ಹೊಸ ಹುಡುಗ, ಅವನನ್ನ ಕರೆದು ಎಲ್ಲರ ಮುಂದೇನೇ "ನೀನು ಸೇವ್ ಮಾಡದೇ ಬಂದಿದ್ದೀಯ" ಅಂದ್ಬಿಟ್ಟೆ. ಅವನು "ಇಲ್ಲ ಸರ್, ರೈಟ್ ಮೆಮೊರಿ ಕೊಟ್ಟಿದ್ದೆ, ಆಮೇಲೆ ಶೋ ಸ್ಟಾರ್ಟಪ್ ಕಾನ್ಫಿಗ್ ಕೂಡ ನೋಡಿದ್ದೆ, ನಿಜವಾಗ್ಲೂ ಸರ್" ಅಂದ. ರೈಟ್ ಮೆಮೊರಿ ಅಂದ್ರೆ ಈಗ ಓಡ್ತಿರೋ ರನ್ನಿಂಗ್ ಕಾನ್ಫಿಗ್‌ನ, ಪವರ್ ಹೋದ್ರೂ ಉಳಿಯೋ ಸ್ಟಾರ್ಟಪ್ ಕಾನ್ಫಿಗ್ ಆಗಿ ಸೇವ್ ಮಾಡೋ ಕಮಾಂಡ್, ಶೋ ಅಂದ್ರೆ ಇರೋದನ್ನ ತೋರಿಸೋ ಕಮಾಂಡ್. ನಾನು ನಂಬಲಿಲ್ಲ. ಪವರ್ ಹೋಗಿ ಬಂದ್ಮೇಲೆ ಸ್ವಿಚ್ ಖಾಲಿ ಆಗಿದೆ ಅಂದ್ರೆ ನೂರಕ್ಕೆ ತೊಂಬತ್ತು ಸಲ ಸೇವ್ ಮಾಡಿರಲ್ಲ ಅನ್ನೋದು ನನ್ನ ಅನುಭವ, ಆ ಅನುಭವದ ಮೇಲೆ ಅವನ ಮಾತು ತಳ್ಳಿಹಾಕ್ದೆ. ಇದು ಉಳಿದ ಹತ್ತರಲ್ಲಿ ಒಂದು ಕೇಸು, ಅದಕ್ಕೇ ಇಷ್ಟು ವಿವರವಾಗಿ ಬರೀತಿದ್ದೀನಿ.

ಇಬ್ರೂ ಲ್ಯಾಪ್‌ಟಾಪ್, ಸ್ವಿಚ್‌ಗೆ ನೇರ ಹಾಕೋ ಕನ್ಸೋಲ್ ಕೇಬಲ್ ತಗೊಂಡು ಮೇಲೆ ಹೋದ್ವಿ. ರ‍್ಯಾಕ್ ಬಾಗಿಲು ತೆಗೆದ್ರೆ ಎಲ್ಲಾ ಪೋರ್ಟ್ ಹಸಿರು, ಕೋರ್‌ಗೆ ಹೋಗೋ ಅಪ್‌ಲಿಂಕ್ ಒಂದು ಮಾತ್ರ ಆಂಬರ್. 9600 ಬಾಡ್‌ನಲ್ಲಿ ಟರ್ಮಿನಲ್ ಓಪನ್ ಮಾಡಿ ಎಂಟರ್ ಒತ್ತಿದ್ರೆ ಇನಿಶಿಯಲ್ ಕಾನ್ಫಿಗರೇಶನ್ ಡೈಲಾಗ್‌ಗೆ ಹೋಗ್ಬೇಕಾ, ಯೆಸ್ ಆರ್ ನೋ ಅಂತ ಕೇಳ್ತಿದೆ. ಡಬ್ಬದಿಂದ ಈಗ ತಾನೇ ತೆಗೆದ ಸ್ವಿಚ್ ಕೇಳೋ ಪ್ರಶ್ನೆ ಅದು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಆ ಡೈಲಾಗ್‌ಗೆ ಯೆಸ್ ಅಂದು ಹೆಸರು ಪಾಸ್‌ವರ್ಡ್ ಐಪಿ ಎಲ್ಲಾ ಕೊಟ್ರೆ ಕೊನೆಗೆ ಮೂರು ಆಯ್ಕೆ ಬರುತ್ತೆ, 0 ಅಂದ್ರೆ ಸೇವ್ ಮಾಡದೇ ಹೊರಗೆ, 1 ಅಂದ್ರೆ ಮತ್ತೆ ಮೊದಲಿಂದ, 2 ಅಂದ್ರೆ ಸ್ಟಾರ್ಟಪ್ ಕಾನ್ಫಿಗ್ ಇರೋ ಎನ್‌ವಿರ‍್ಯಾಮ್‌ಗೆ ಬರೆದು ಹೊರಗೆ, ಸುಮ್ನೆ ಎಂಟರ್ ಒತ್ತಿದ್ರೆ 2 ಆಗುತ್ತೆ. ಅಂದ್ರೆ ಒಳಗಡೆ ಹಳೇ ಸ್ಟಾರ್ಟಪ್ ಕಾನ್ಫಿಗ್ ಇನ್ನೂ ಜೀವಂತ ಇದ್ರೆ ಅದರ ಮೇಲೇನೇ ಖಾಲಿ ಕಾನ್ಫಿಗ್ ಬರೆದಂಗೆ ಆಗುತ್ತೆ. ಗಾಬರಿಯಲ್ಲಿ ರೈಟ್ ಮೆಮೊರಿ ಹೊಡೆದ್ರೂ ಅದೇ ಕಥೆ. ಕೆಳಗಡೆ ಜನ ಕಾಯ್ತಿದ್ದಾರೆ ಬೇಗ ಐಪಿ ಕೊಟ್ಟು ಎಬ್ಬಿಸಿಬಿಡೋಣ ಅಂತ ನನಗೂ ಅನ್ನಿಸ್ತು, ಆದ್ರೆ ಹುಡುಗ "ಸರ್, ಮೊದಲು ಶೋ ಸ್ಟಾರ್ಟಪ್ ನೋಡೋಣ, ದಯವಿಟ್ಟು" ಅಂದ. ಅವನಿಗೆ ತನ್ನ ಮಾತು ನಿಜ ಅಂತ ತೋರಿಸ್ಬೇಕಿತ್ತು. ಅವನು ಹಂಗೆ ಹಿಡಿದಿದ್ದಕ್ಕೆ ನಾವು ಬಚಾವಾದ್ವಿ.

ನೋ ಅಂತ ಕೊಟ್ಟು, ಪೂರ್ತಿ ಅಧಿಕಾರದ ಎನೇಬಲ್ ಮೋಡ್‌ಗೆ ಹೋಗಿ, ಪಾಸ್‌ವರ್ಡೇ ಕೇಳಲಿಲ್ಲ ಅದು, ಶೋ ಸ್ಟಾರ್ಟಪ್ ಕಾನ್ಫಿಗ್ ಹೊಡೆದ್ವಿ. ಎಲ್ಲಾ ಇದೆ. ಹೋಸ್ಟ್‌ನೇಮ್ ಇದೆ, ಎನೇಬಲ್ ಸೀಕ್ರೆಟ್ ಇದೆ, 48 ಪೋರ್ಟಿನ ಕಾನ್ಫಿಗ್ ಇದೆ, ಅಪ್‌ಲಿಂಕ್ ಟ್ರಂಕ್ (ಹಲವು ವಿಲ್ಯಾನ್ ಒಟ್ಟಿಗೆ ಹೊರೋ ಲಿಂಕ್), ನೇಟಿವ್ 999, ಮ್ಯಾನೇಜ್‌ಮೆಂಟ್ ವಿಲ್ಯಾನ್ 99ರ ಐಪಿ, ಎಸ್‌ಎಸ್‌ಎಚ್ ಲೈನ್‌ಗಳು, ಒಂದಕ್ಷರ ಬಿಟ್ಟಿಲ್ಲ. ಶೋ ರನ್ನಿಂಗ್ ಕಾನ್ಫಿಗ್ ಮಾತ್ರ ಖಾಲಿ. ಹುಡುಗ ಏನೂ ಮಾತಾಡ್ಲಿಲ್ಲ, ನಾನೇ "ಕ್ಷಮಿಸಪ್ಪ, ನೀನು ಸೇವ್ ಮಾಡಿದ್ದೆ" ಅಂದೆ. ಅದನ್ನ ಕೆಳಗಡೆ ಎಲ್ಲರ ಮುಂದೆ ಇನ್ನೊಂದ್ಸಲ ಹೇಳಿದೆ, ಆಮೇಲೆ.

ಇನ್ನೊಂದು ವಿಚಿತ್ರ ಏನಂದ್ರೆ ಶೋ ವಿಲ್ಯಾನ್ ಬ್ರೀಫ್ ಹೊಡೆದ್ರೆ 10 ಡೇಟಾ, 20 ವಾಯ್ಸ್, 30 ವೈಫೈ, 99 ಮ್ಯಾನೇಜ್‌ಮೆಂಟ್, 999 ಎಲ್ಲಾ ಹೆಸರು ಸಮೇತ ಕಾಣ್ತಿದೆ, ಆದ್ರೆ ಪೋರ್ಟ್‌ಗಳೆಲ್ಲಾ ವಿಲ್ಯಾನ್ 1ರಲ್ಲಿ. ಇದನ್ನ ನೋಡಿ ಅರ್ಧ ಕಾನ್ಫಿಗ್ ಉಳಿದಿದೆ ಅರ್ಧ ಹೋಗಿದೆ, ಫ್ಲಾಶ್ ಕೆಟ್ಟಿರಬಹುದು ಅಂತ ಯಾರಾದ್ರೂ ಅಂದ್ಕೊಳ್ತಾರೆ. ಹಂಗಲ್ಲ. ವಿಲ್ಯಾನ್ ಲಿಸ್ಟ್ ಸ್ಟಾರ್ಟಪ್ ಕಾನ್ಫಿಗ್‌ನಿಂದ ಬಂದಿದ್ದೇ ಅಲ್ಲ, ಅದು ಫ್ಲಾಶ್‌ನಲ್ಲಿರೋ ವಿಲ್ಯಾನ್ ಡಾಟ್ ಡ್ಯಾಟ್ ಅನ್ನೋ ಬೇರೆ ಫೈಲ್‌ನಲ್ಲಿ ಇರುತ್ತೆ. ಪೋರ್ಟ್ ಯಾವ ವಿಲ್ಯಾನ್‌ಗೆ ಸೇರಿದ್ದು ಅನ್ನೋದು ಸ್ಟಾರ್ಟಪ್ ಕಾನ್ಫಿಗ್‌ನಲ್ಲಿ ಇರುತ್ತೆ. ಸ್ಟಾರ್ಟಪ್ ಓದದೇ ಎದ್ದ ಸ್ವಿಚ್ ಹೆಂಗೆ ಕಾಣುತ್ತೆ ಅಂದ್ರೆ ಸರಿಯಾಗಿ ಹಿಂಗೇ ಕಾಣುತ್ತೆ, ವಿಲ್ಯಾನ್ ಇರುತ್ತೆ, ಪೋರ್ಟ್ ಇರಲ್ಲ.

ಅಪ್‌ಲಿಂಕ್ ಆಂಬರ್ ಆಗಿದ್ದಕ್ಕೂ ಕಾರಣ ಕನ್ಸೋಲ್‌ನಲ್ಲೇ ಬಿದ್ದಿತ್ತು. ಈ ಸ್ವಿಚ್‌ಗಳ ಪೋರ್ಟ್ ಡೀಫಾಲ್ಟ್ ಮೋಡ್ ಡೈನಾಮಿಕ್ ಆಟೋ, ಅಂದ್ರೆ ಆ ಕಡೆಯವರು ಟ್ರಂಕ್ ಆಗೋಣ ಅಂತ ಡಿಟಿಪಿ ಅನ್ನೋ ಪ್ರೊಟೊಕಾಲ್‌ನಲ್ಲಿ ಕೇಳಿದ್ರೆ ಆಗುತ್ತೆ, ಕೇಳದಿದ್ರೆ ಒಂದೇ ವಿಲ್ಯಾನ್‌ನ ಆಕ್ಸೆಸ್ ಪೋರ್ಟ್ ಆಗೇ ಕೂತಿರುತ್ತೆ. ಕೋರ್‌ನಲ್ಲಿ ನಾವು ನೊನೆಗೋಷಿಯೇಟ್ ಹಾಕಿದ್ವಿ, ಅದು ಕೇಳಲ್ಲ. ಕೋರ್ ಟ್ರಂಕ್, ಇದು ಆಕ್ಸೆಸ್, ಟ್ರಂಕ್‌ನಿಂದ ಬರೋ ಸ್ಪ್ಯಾನಿಂಗ್ ಟ್ರೀ ಬಿಪಿಡಿಯು (ಲೂಪ್ ತಡೆಯೋಕೆ ಸ್ವಿಚ್‌ಗಳು ಕಳಿಸೋ ಮೆಸೇಜ್) ಆಕ್ಸೆಸ್ ಪೋರ್ಟಿಗೆ ಬಿದ್ದ ಕೂಡಲೇ ಪೋರ್ಟ್ ಟೈಪ್ ಇನ್‌ಕನ್ಸಿಸ್ಟೆಂಟ್ ಅಂತ ಹೇಳಿ ಸ್ವಿಚ್ ತಾನೇ ಬ್ಲಾಕ್ ಮಾಡ್ಕೊಂಡಿದೆ. ನನ್ನ ಪ್ರಕಾರ ಅದು ಮಾಡಿದ್ದೇ ಒಳ್ಳೇದು, ಪಾಸ್‌ವರ್ಡ್ ಇಲ್ಲದ, ಬಿಪಿಡಿಯು ಗಾರ್ಡ್, ಡಿಎಚ್‌ಸಿಪಿ ಸ್ನೂಪಿಂಗ್ ಥರದ ರಕ್ಷಣೆ ಇಲ್ಲದ ಸ್ವಿಚ್ ಒಂದು ಇಡೀ ನೆಟ್‌ವರ್ಕಿಗೆ ಸೇರ್ಕೊಂಡು ಕೆಲಸ ಮಾಡೋದಕ್ಕಿಂತ ನಿಂತಿರೋದು ವಾಸಿ.

ತುರ್ತಿಗೆ ಕಾಪಿ ಸ್ಟಾರ್ಟಪ್ ಕಾನ್ಫಿಗ್ ರನ್ನಿಂಗ್ ಕಾನ್ಫಿಗ್ ಕೊಟ್ವಿ, ಒಂದೆರಡು ನಿಮಿಷದಲ್ಲಿ ಫೋನ್ ರಿಜಿಸ್ಟರ್ ಆಗೋಕೆ ಶುರುವಾಯ್ತು, ವೈಫೈ ಬಂತು, ಕೆಳಗಿಂದ ಬರ್ತಿದ್ದ ಕಾಲ್‌ಗಳು ನಿಂತ್ವು. ಒಂದು ಎಚ್ಚರ ಬೇಕು ಇಲ್ಲಿ, ಈ ದಿಕ್ಕಿನ ಕಾಪಿ ಇರೋದರ ಮೇಲೆ ಸೇರಿಸುತ್ತೆ, ಇರೋದನ್ನ ಅಳಿಸಿ ಬರೆಯಲ್ಲ. ಸ್ವಿಚ್ ಖಾಲಿ ಇದ್ದಿದ್ರಿಂದ ನಮಗೆ ತೊಂದರೆ ಆಗ್ಲಿಲ್ಲ, ಮಧ್ಯೆ ಯಾರಾದ್ರೂ ಡೈಲಾಗ್‌ನಲ್ಲಿ ಏನಾದ್ರೂ ತುಂಬಿದ್ದಿದ್ರೆ ಅದೂ ಇದೂ ಕಲಸಿಹೋಗ್ತಿತ್ತು.

ಜನಕ್ಕೆ ನೆಟ್‌ವರ್ಕ್ ಬಂತು, ಆದ್ರೆ ನಮಗೆ ಉತ್ತರ ಬಂದಿಲ್ಲ. ಸೇವ್ ಆಗಿದೆ, ಆದ್ರೂ ಯಾಕೆ ಓದ್ಲಿಲ್ಲ? ರಾತ್ರಿ ಎಲ್ಲರೂ ಹೋದ್ಮೇಲೆ ಮತ್ತೊಂದ್ಸಲ ರೈಟ್ ಮೆಮೊರಿ ಕೊಟ್ಟು, ಕಾನ್ಫಿಗ್‌ನ ಲ್ಯಾಪ್‌ಟಾಪ್‌ಗೂ ಒಂದು ಕಾಪಿ ಇಳಿಸ್ಕೊಂಡು, ರೀಲೋಡ್ (ರೀಸ್ಟಾರ್ಟ್) ಕೊಟ್ವಿ. ಇಂಥ ಸ್ವಿಚ್ ಎದ್ದೇಳೋಕೆ ಕೆಲವು ನಿಮಿಷ ಹಿಡಿಯುತ್ತೆ, ಆ ನಿಮಿಷಗಳು ಬಹಳ ಉದ್ದ ಅನ್ಸಿದ್ವು. ಎದ್ದಾಗ ಮತ್ತೆ ಅದೇ ಪ್ರಶ್ನೆ, ಯೆಸ್ ಆರ್ ನೋ. ಒಳ್ಳೇದೇ ಆಯ್ತು ಅಂದ್ಕೊಂಡೆ, ಪ್ರತಿ ಸಲ ಬರೋ ತೊಂದರೆ ಅಂದ್ರೆ ಹುಡುಕಿದ್ರೆ ಸಿಗುತ್ತೆ.

ಸ್ವಿಚ್ ಎದ್ದೇಳೋ ದಾರಿನ ಒಂದ್ಸಲ ಮೊದಲಿಂದ ನಡೆದು ನೋಡೋಣ ಅಂತ ಇಬ್ರೂ ಕೂತ್ವಿ. ಪವರ್ ಬಂದ ಕೂಡಲೇ ಮೊದಲು ಎದ್ದೇಳೋದು ಬೂಟ್‌ಲೋಡರ್, ಅದು ತನ್ನನ್ನ ತಾನು ಪರೀಕ್ಷೆ ಮಾಡ್ಕೊಂಡು ಫ್ಲಾಶ್‌ನಿಂದ ಸ್ವಿಚ್‌ನ ಆಪರೇಟಿಂಗ್ ಸಿಸ್ಟಮ್ ಐಒಎಸ್ ಎಕ್ಸ್‌ಇ ಎತ್ಕೊಳ್ಳುತ್ತೆ, ನಮ್ಮ ಸ್ವಿಚ್ ಸಿಸ್ಕೋ ಕ್ಯಾಟಲಿಸ್ಟ್ 9300, ಅದರಲ್ಲಿ ಪ್ಯಾಕೇಜಸ್ ಡಾಟ್ ಕಾನ್ಫ್ ಅನ್ನೋ ಫೈಲ್ ನೋಡಿ ಎತ್ಕೊಳ್ಳೋದು. ಐಒಎಸ್ ಎದ್ದ್ಮೇಲೆ ಎನ್‌ವಿರ‍್ಯಾಮ್‌ನಲ್ಲಿರೋ ಸ್ಟಾರ್ಟಪ್ ಕಾನ್ಫಿಗ್ ಓದಿ ರ‍್ಯಾಮ್‌ಗೆ ರನ್ನಿಂಗ್ ಕಾನ್ಫಿಗ್ ಆಗಿ ತರುತ್ತೆ. ನಾವೆಲ್ಲಾ ಯಾವಾಗ್ಲೂ ತಲೆ ಕೆಡಿಸ್ಕೊಳ್ಳೋದು ಈ ಕೊನೇ ಹೆಜ್ಜೆ ಬಗ್ಗೆ ಮಾತ್ರ, ರನ್ನಿಂಗ್, ಸ್ಟಾರ್ಟಪ್, ಸೇವ್ ಮಾಡಿದ್ಯಾ ಇಲ್ವಾ. ಆದ್ರೆ ಅದಕ್ಕೂ ಮುಂಚೆ ಒಂದು ಬಾಗಿಲಿದೆ, ಸ್ಟಾರ್ಟಪ್ ಕಾನ್ಫಿಗ್ ಓದು ಅಥವಾ ಓದಬೇಡ ಅಂತ ಹೇಳೋ ಒಂದು ಗುರುತು ಬೂಟ್‌ಲೋಡರ್ ಹತ್ರ ಇರುತ್ತೆ. ರೌಟರ್ ಕೆಲಸ ಮಾಡಿದವರಿಗೆ ಇದು ಕಾನ್ಫಿಗ್ ರಿಜಿಸ್ಟರ್ 0ಎಕ್ಸ್2142 ಅಂತ ಗೊತ್ತಿರುತ್ತೆ, ಪಾಸ್‌ವರ್ಡ್ ಮರೆತಾಗ 2142 ಮಾಡಿ ಎಬ್ಬಿಸೋದು, ಕೆಲಸ ಮುಗಿದ್ಮೇಲೆ 2102ಗೆ ವಾಪಸ್ ತರೋದು. ಈ ಸ್ವಿಚ್‌ಗಳಲ್ಲಿ ಅದೇ ಕೆಲಸ ಮಾಡೋದು ಸ್ವಿಚ್_ಇಗ್ನೋರ್_ಸ್ಟಾರ್ಟಪ್_ಸಿಎಫ್‌ಜಿ ಅನ್ನೋ ವೇರಿಯಬಲ್, ಅದು 1 ಇದ್ರೆ ಸ್ಟಾರ್ಟಪ್ ಕಾನ್ಫಿಗ್ ಇದ್ರೂ ಇಲ್ಲದಂಗೆ ಎದ್ದೇಳುತ್ತೆ.

ಇಷ್ಟು ಮಾತಾಡೋಷ್ಟರಲ್ಲಿ ಹುಡುಗನ ಮುಖ ಬದಲಾಯ್ತು. "ಸರ್, ಈ ಸ್ವಿಚ್ ಹೊಸದಲ್ಲ, ಪಾಸ್‌ವರ್ಡ್ ರಿಕವರಿ ಮಾಡಿದ್ದು" ಅಂದ.

ನಿಜ. ಆ ಮಹಡಿ ಬೇಗ ರೆಡಿ ಆಗ್ಬೇಕಿತ್ತು, ಹೊಸ ಸ್ವಿಚ್ ಬರೋದು ತಡ ಆಗಿತ್ತು, ಬೇರೆ ಕಡೆಯಿಂದ ಬಿಚ್ಚಿಟ್ಟಿದ್ದ ಸ್ವಿಚ್ ಒಂದನ್ನ ಬಳಸ್ಕೋ ಅಂತ ಹೇಳಿದ್ದು ನಾನೇ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರ್ಲಿಲ್ಲ. ಅವನು ಸರಿಯಾದ ಕ್ರಮದಲ್ಲೇ ಮಾಡಿದ್ದ, ಪವರ್ ಹಾಕ್ತಾ ಮೋಡ್ ಬಟನ್ ಹಿಡ್ಕೊಂಡು ಬೂಟ್‌ಲೋಡರ್ ಪ್ರಾಂಪ್ಟ್‌ಗೆ ಇಳಿದು, ಆ ವೇರಿಯಬಲ್ 1 ಮಾಡಿ, ಬೂಟ್ ಕೊಟ್ಟಿದ್ದ. ಸ್ವಿಚ್ ಖಾಲಿಯಾಗಿ ಎದ್ದಿತು, ಡೈಲಾಗ್‌ಗೆ ನೋ ಅಂದ, ಹೊಸದಾಗಿ ಕಾನ್ಫಿಗ್ ಮಾಡ್ತಾ ಹೋದ. ಹೋಸ್ಟ್‌ನೇಮ್, ಎನೇಬಲ್ ಸೀಕ್ರೆಟ್, ಲೋಕಲ್ ಯೂಸರ್, ಡೊಮೈನ್ ನೇಮ್, 2048 ಬಿಟ್ ಆರ್‌ಎಸ್‌ಎ ಕೀ, ಎಸ್‌ಎಸ್‌ಎಚ್ ವರ್ಷನ್ 2, ದೂರದ ಲಾಗಿನ್‌ಗೆ ಇರೋ ವಿಟಿವೈ ಲೈನ್‌ಗಳಲ್ಲಿ ಟೆಲ್‌ನೆಟ್ ಬಂದ್, ಎಲ್ಲಾ ಅಚ್ಚುಕಟ್ಟು. ಸೇವ್ ಕೂಡ ಮಾಡ್ದ. ಸೇವ್ ಆಗಿದ್ದೂ ನಿಜ. ವೇರಿಯಬಲ್ ಮಾತ್ರ 1ರಲ್ಲೇ ಉಳ್ಕೊಂಡ್ತು, ಯಾಕಂದ್ರೆ ಅದನ್ನ ರೈಟ್ ಮೆಮೊರಿ ಮುಟ್ಟೋದೇ ಇಲ್ಲ, ಅದು ಇರೋ ಜಾಗವೇ ಬೇರೆ.

ಈಗ ನನಗೆ ಹೆಚ್ಚು ಕಾಡಿದ ಭಾಗ. ಅವತ್ತು ಶೋ ವಿಲ್ಯಾನ್‌ನಲ್ಲಿ ಹಳೇ ಜಾಗದ ವಿಲ್ಯಾನ್‌ಗಳು ಹತ್ತು ಹನ್ನೆರಡು ಕಾಣ್ತಿವೆ ಅಂತ ಅವನು ನನಗೆ ಫೋನ್ ಮಾಡಿದ್ದ. ಸರಿಯಾದ ದಾರಿ ಅಂದ್ರೆ ವಿಲ್ಯಾನ್ ಡಾಟ್ ಡ್ಯಾಟ್ ಡಿಲೀಟ್ ಮಾಡಿ ರೀಲೋಡ್ ಮಾಡೋದು. ನಾನು "ರೀಲೋಡ್ ಎಲ್ಲಾ ಬೇಡ ಟೈಮ್ ಹೋಗುತ್ತೆ, ನೋ ವಿಲ್ಯಾನ್ ಅಂತ ಒಂದೊಂದಾಗಿ ತೆಗೆದುಬಿಡು, ವಿಟಿಪಿ ಡೊಮೈನ್ ಹೆಸರು ಬದಲಾಯಿಸು ರಿವಿಷನ್ ಸೊನ್ನೆ ಆಗುತ್ತೆ" ಅಂದೆ. ವಿಟಿಪಿ ಅಂದ್ರೆ ಸ್ವಿಚ್‌ಗಳು ವಿಲ್ಯಾನ್ ಲಿಸ್ಟ್ ಹಂಚ್ಕೊಳ್ಳೋ ಪ್ರೊಟೊಕಾಲ್. ಆ ಮಾತು ಸರಿ ಇತ್ತು, ಹಳೇ ಸ್ವಿಚ್ ದೊಡ್ಡ ರಿವಿಷನ್ ನಂಬರ್ ಇಟ್ಕೊಂಡು ಅದೇ ಡೊಮೈನ್‌ಗೆ ಸೇರಿದ್ರೆ ಇಡೀ ನೆಟ್‌ವರ್ಕಿನ ವಿಲ್ಯಾನ್ ಲಿಸ್ಟ್‌ನೇ ತನ್ನದರಿಂದ ಬದಲಾಯಿಸಿಬಿಡಬಹುದು. ಆದ್ರೆ ರೀಲೋಡ್ ಬೇಡ ಅಂದಿದ್ದೇ ಎಡವಟ್ಟು. ಅವತ್ತು ಸೇವ್ ಮಾಡಿದ್ಮೇಲೆ ಒಂದೇ ಒಂದ್ಸಲ ರೀಲೋಡ್ ಮಾಡಿದ್ದಿದ್ರೆ ಟೇಬಲ್ ಮೇಲೇನೇ ಸ್ವಿಚ್ ಖಾಲಿಯಾಗಿ ಎದ್ದು ವಿಷಯ ಗೊತ್ತಾಗ್ತಿತ್ತು. ಅದು ಆಗದೇ ಎರಡೂವರೆ ತಿಂಗಳು ಚೆನ್ನಾಗಿ ಓಡ್ತು, ಓಡ್ತಿದ್ದ ಸ್ವಿಚ್ ಮೇಲೆ ಯಾರಿಗೂ ಅನುಮಾನ ಬರಲ್ಲ, ಶೋ ರನ್ ಶೋ ಸ್ಟಾರ್ಟಪ್ ಎರಡರಲ್ಲೂ ಕಾನ್ಫಿಗ್ ಒಂದೇ ಇರುತ್ತೆ, ನೀವು ಎಷ್ಟು ಸಲ ಹೋಲಿಸಿ ನೋಡಿದ್ರೂ ತಪ್ಪು ಸಿಗಲ್ಲ. ಸೇವ್ ಆಗಿದೆ ಅಂತ ನೋಡೋದು ಬೇರೆ, ಸೇವ್ ಆಗಿದ್ದನ್ನ ಸ್ವಿಚ್ ತಾನೇ ಓದ್ಕೊಂಡು ಎದ್ದೇಳುತ್ತೆ ಅಂತ ನೋಡೋದು ಬೇರೆ. ಎರಡನೇದನ್ನ ರೀಲೋಡ್ ಮಾಡಿ ನೋಡಿದ್ರೆ ಮಾತ್ರ ಖಾತ್ರಿಯಾಗಿ ಗೊತ್ತಾಗೋದು, ಸೆಟಪ್ ದಿನ ಟೇಬಲ್ ಮೇಲೆ ಅದನ್ನ ಮಾಡೋಕೆ ಆಗೋ ಖರ್ಚು ಬರೀ ಕೆಲವು ನಿಮಿಷ.

ಬೂಟ್‌ಲೋಡರ್ ವೇರಿಯಬಲ್‌ಗಳನ್ನ ತೋರಿಸೋ ಶೋ ರೋಮ್‌ವಾರ್ ಹೊಡೆದು ಆ ಸಾಲು ಹುಡುಕಿದ್ವಿ, ಹೌದು, 1 ಅಂತಾನೇ ಇತ್ತು. ಸರಿ ಮಾಡೋದು ಒಂದೇ ಲೈನ್, ಕಾನ್ಫಿಗರೇಶನ್ ಮೋಡ್‌ನಲ್ಲಿ ನೋ ಸಿಸ್ಟಮ್ ಇಗ್ನೋರ್ ಸ್ಟಾರ್ಟಪ್‌ಕಾನ್ಫಿಗ್ ಸ್ವಿಚ್ ಆಲ್. ಕೊನೇಲಿರೋ ಆಲ್ ಮುಖ್ಯ, ಒಂದೇ ಸ್ವಿಚ್ ಥರ ಕೆಲಸ ಮಾಡೋ ಸ್ಟ್ಯಾಕ್‌ನಲ್ಲಿ ಎರಡು ಮೂರು ಸ್ವಿಚ್ ಇದ್ರೆ ಈ ವೇರಿಯಬಲ್ ಪ್ರತಿಯೊಂದಕ್ಕೂ ಅದರದ್ದೇ ಇರುತ್ತೆ. ಬೂಟ್‌ಲೋಡರ್‌ಗೆ ಇಳಿದು ಕೈಯಲ್ಲಿ 0 ಮಾಡಿದ್ರೂ ಆಗುತ್ತೆ, ಆದ್ರೆ ಸ್ವಿಚ್ ಓಡ್ತಿರುವಾಗಲೇ ಐಒಎಸ್‌ನಿಂದ ಮಾಡೋಕೆ ಆಗುತ್ತೆ ಅಂದ್ಮೇಲೆ ಅದೇ ಸುಲಭ.

ಒಂದು ಕ್ರಮ ತಪ್ಪಿಸ್ಬೇಡಿ. ನಾವು ಎರಡನೇ ಸಲ ಖಾಲಿ ಎದ್ದಿದ್ದ ಸ್ವಿಚ್ ಮೇಲೆ ಕೂತಿದ್ವಿ. ಆ ಖಾಲಿ ಸ್ಥಿತಿಯಲ್ಲಿ ಲೈನ್ ಹಾಕಿ ಅಭ್ಯಾಸ ಬಲದಿಂದ ರೈಟ್ ಮೆಮೊರಿ ಕೊಟ್ಟಿದ್ದಿದ್ರೆ ಒಳ್ಳೇ ಸ್ಟಾರ್ಟಪ್ ಕಾನ್ಫಿಗ್ ಅಲ್ಲಿಗೆ ಮುಗೀತಿತ್ತು, ಲ್ಯಾಪ್‌ಟಾಪ್‌ನಲ್ಲಿದ್ದ ಕಾಪಿಯೇ ಗತಿ. ಅದಕ್ಕೆ ಮೊದಲು ಸ್ಟಾರ್ಟಪ್‌ನಿಂದ ರನ್ನಿಂಗ್‌ಗೆ ಕಾಪಿ, ಪೋರ್ಟ್ ವಿಲ್ಯಾನ್ ಟ್ರಂಕ್ ಎಲ್ಲಾ ಬಂದಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಇಗ್ನೋರ್ ತೆಗೆಯೋ ಲೈನ್, ಆಮೇಲೆ ಸೇವ್, ಆಮೇಲೆ ಶೋ ರೋಮ್‌ವಾರ್‌ನಲ್ಲಿ 0 ಆಗಿದೆ ಅಂತ ನೋಡಿ, ಆಮೇಲೆ ರೀಲೋಡ್. ಹಿಂಗೆ ಮಾಡಿದ್ವಿ. ಈ ಸಲ ಎದ್ದಾಗ ಯೆಸ್ ನೋ ಪ್ರಶ್ನೆ ಬರ್ಲಿಲ್ಲ, ನಮ್ಮ ಬ್ಯಾನರ್ ಬಂತು, ಯೂಸರ್‌ನೇಮ್ ಕೇಳ್ತು. ಅಷ್ಟಕ್ಕೇ ಬಿಡದೇ ಪವರ್ ಕೇಬಲ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದ್ವಿ, ಯಾಕಂದ್ರೆ ಶನಿವಾರ ಆಗಿದ್ದು ಪವರ್ ಹೋಗಿ ಬಂದಿದ್ದು, ಅದನ್ನೇ ಮಾಡಿ ನೋಡ್ಬೇಕು ಅಂತ ನನಗನ್ನಿಸ್ತು. ಅದರಲ್ಲೂ ಸರಿಯಾಗಿ ಎದ್ದಿತು. ವಿಟಿಪಿನೂ ಅವತ್ತೇ ಬೇರೆ ಸ್ವಿಚ್‌ಗಳ ಲಿಸ್ಟ್ ತಗೊಳ್ಳದ ಟ್ರಾನ್ಸ್‌ಪರೆಂಟ್ ಮೋಡ್‌ಗೆ ಹಾಕಿದ್ವಿ, ಬಳಸದೇ ಇರೋದನ್ನ ಸರ್ವರ್ ಮೋಡ್‌ನಲ್ಲಿ ಇಟ್ಕೊಳ್ಳೋ ಅಗತ್ಯ ಏನಿಲ್ಲ.

ಇದೇ ತಪ್ಪು ಎಲ್ಲಾ ಹಳೇ ಸ್ವಿಚ್‌ನಲ್ಲೂ ಆಗುತ್ತೆ ಅಂತಲ್ಲ. ಕ್ಯಾಟಲಿಸ್ಟ್ 2960 ಥರದ ಹಳೇ ಮಾಡೆಲ್‌ನಲ್ಲಿ ಪಾಸ್‌ವರ್ಡ್ ರಿಕವರಿ ಮಾಡೋವಾಗ ಬೂಟ್‌ಲೋಡರ್‌ನಲ್ಲಿ ಫ್ಲಾಶ್ ಇನಿಟ್ ಕೊಟ್ಟು ಕಾನ್ಫಿಗ್ ಡಾಟ್ ಟೆಕ್ಸ್ಟ್ ಫೈಲ್‌ನ ಹೆಸರು ಬದಲಾಯಿಸ್ತಾರೆ, ಸ್ವಿಚ್ ಎದ್ದು ಫೈಲ್ ಇಲ್ಲ ಅಂತ ಖಾಲಿ ಬರುತ್ತೆ, ನೀವು ಹೊಸದಾಗಿ ಸೇವ್ ಮಾಡಿದಾಗ ಅದೇ ಹೆಸರಲ್ಲಿ ಹೊಸ ಫೈಲ್ ಹುಟ್ಟುತ್ತೆ, ಮುಂದಿನ ಸಲ ಅದನ್ನೇ ಓದುತ್ತೆ. ಅಲ್ಲಿ ಹಿಂದಕ್ಕೆ ತಿರುಗಿಸ್ಬೇಕಾದ ಗುರುತು ಅಂತ ಏನೂ ಉಳಿಯಲ್ಲ. ನಾನು ವರ್ಷಗಟ್ಟಲೆ ಹಂಗೇ ಮಾಡ್ಕೊಂಡು ಬಂದಿದ್ದೆ, ಹುಡುಗನಿಗೆ ಕಲಿಸಿದ್ದೂ ಅದೇ ಮನಸ್ಸಲ್ಲಿ, ರಿಕವರಿ ಮಾಡು ಕಾನ್ಫಿಗ್ ಹಾಕು ಸೇವ್ ಮಾಡು ಮುಗೀತು ಅಂತ. ಹೊಸ ಮಾಡೆಲ್‌ನಲ್ಲಿ ಮುಗಿಯೋ ಮುಂಚೆ ಇನ್ನೊಂದು ಹೆಜ್ಜೆ ಇದೆ ಅಂತ ನಾನು ಹೇಳಿಕೊಡ್ಲಿಲ್ಲ. ಹಂಗಾಗಿ ರಿಪೋರ್ಟ್‌ನಲ್ಲಿ ಕಾರಣ ಅಂತ ಬರೆಯೋ ಜಾಗದಲ್ಲಿ ಅವನ ಹೆಸರು ಬರೆಯಲಿಲ್ಲ, ರೀಲೋಡ್ ಬೇಡ ಅಂತ ನಾನು ಹೇಳಿದ್ದನ್ನ ಬರೆದೆ.

ನಮ್ಮ ಸೆಟಪ್ ಪಟ್ಟಿಯಲ್ಲಿ ಈಗ ಎರಡು ಸಾಲು ಜಾಸ್ತಿ ಆಗಿದೆ. ಬಳಸಿದ ಸ್ವಿಚ್ ಆಗಿದ್ರೆ ಮೊದಲು ಹಳೇ ಕಾನ್ಫಿಗ್ ಅಳಿಸೋ ರೈಟ್ ಇರೇಸ್, ವಿಲ್ಯಾನ್ ಡಾಟ್ ಡ್ಯಾಟ್ ಡಿಲೀಟ್, ಶೋ ರೋಮ್‌ವಾರ್ ನೋಡಿ ಇಗ್ನೋರ್ ಸೊನ್ನೆ ಇದೆಯಾ ಅಂತ. ಹೊಸದಾಗಲಿ ಹಳೇದಾಗಲಿ ರ‍್ಯಾಕ್‌ಗೆ ಏರೋ ಮುಂಚೆ ಸೇವ್ ಆದ್ಮೇಲೆ ಪವರ್ ಕಿತ್ತು ಹಾಕಿ, ತಾನಾಗೇ ಮ್ಯಾನೇಜ್‌ಮೆಂಟ್ ಐಪಿಗೆ ಎಸ್‌ಎಸ್‌ಎಚ್ ಆಗುತ್ತಾ ಅಂತ ನೋಡೋದು. ಎರಡನೇ ಸಾಲಿಗೆ ಮಾಡಿದವರ ಸಹಿ ಹಾಕಿಸ್ಕೊಳ್ತೀವಿ.

ಆಮೇಲೆ ಒಂದು ಕೆಲಸ ಬಾಕಿ ಇತ್ತು, ಹಿಂದೆ ರಿಕವರಿ ಮಾಡಿ ಹಾಕಿದ ಬೇರೆ ಸ್ವಿಚ್‌ಗಳೂ ಇದ್ವಲ್ಲ. ಹುಡುಗ ಆ ವಾರ ಕೂತು ಒಂದೊಂದಕ್ಕೂ ಲಾಗಿನ್ ಆಗಿ ನೋಡ್ದ. ಒಂದರಲ್ಲಿ ಸಿಕ್ತು, ಎರಡು ಸ್ವಿಚ್ ಸ್ಟ್ಯಾಕ್, ಒಂದನೇ ಮೆಂಬರ್‌ನಲ್ಲಿ 0, ಎರಡನೇದರಲ್ಲಿ 1. ಅದು ನಾನೇ ಕಾನ್ಫಿಗ್ ಮಾಡಿದ್ದು. ಭಾನುವಾರ ರಾತ್ರಿ ಕಾನ್ಫಿಗ್ ಕಾಪಿ ಇಳಿಸ್ಕೊಂಡು, ಲೈನ್ ಹಾಕಿ, ಸೇವ್ ಮಾಡಿ, ಎರಡಕ್ಕೂ ಪವರ್ ತೆಗೆದು ಹಾಕಿದ್ವಿ. ಎರಡೂ ಬ್ಯಾನರ್ ಸಮೇತ ಎದ್ವು.